ಆರಿದ್ದ ಹಸಿರು ದೀಪ

ಮನೆಮನೆಗೆ ಅಲಾರಂ ಕೂರಿಸುತ್ತಿದ್ದ ಅವನನ್ನು ಜೊತೆಯ ಕೆಲಸದವರು ಕರೆಯುತ್ತಿದ್ದದ್ದು ‘ಎರಡ್ದಾರಿ’ ಎಂದು. ಗೋಡೆಯ ಡಬ್ಬಿಯಿಂದ ಕಾವಲು ಕಚೇರಿಗೆ ಸುದ್ದಿ ಮುಟ್ಟಲು ತಂತಿಯೊಂದೇ ಸಾಲದು, ಒಳಗೆ ಮೊಬೈಲ್ ಸಿಮ್ಮೂ ಇರಲೇಬೇಕು ಎಂಬುದು ಅವನ ಹಟ. ಕೆಲಸ ಮುಗಿದ ಮೇಲೆ ಮನೆಯವರ ಎದುರೇ ತಂತಿ ಕಿತ್ತು, ಸಿಮ್ಮಿನಿಂದ ಸುದ್ದಿ ಮುಟ್ಟಿ ಕಚೇರಿಯಿಂದ ಫೋನ್ ಬರುವವರೆಗೂ ಕೈಕಟ್ಟಿ ನಿಲ್ಲುತ್ತಿದ್ದ.

‘ಚಪ್ಪಲೀನೂ ಎರಡು ಜೊತೆ ತರ್ತೀಯೇನೋ?’ ಎಂದು ಗೆಳೆಯ ಕಾಲೆಳೆದರೆ, ‘ಒಂದು ಕಿತ್ತೋದಾಗ ನಿನ್ನ ಹೆಗಲ ಮೇಲೆ ಬರ್ಲಾ?’ ಎನ್ನುತ್ತಿದ್ದ.

ಅವನಿಗಿದ್ದವಳು ಅಕ್ಕ ಒಬ್ಬಳೇ. ಪಕ್ಕದ ಬಡಾವಣೆಯಲ್ಲಿ ಬಟ್ಟೆ ಹೊಲಿದುಕೊಂಡು ಒಂಟಿಯಾಗಿದ್ದಳು. ಆಗಾಗ ತಲೆ ಸುತ್ತುತ್ತದೆಂದು ಅವಳ ಮನೆಗೂ ಡಬ್ಬಿ ಕೂರಿಸಿ, ಒತ್ತಿದರೆ ಕಚೇರಿಗೆ ಸುದ್ದಿ ಹೋಗುವ ಗುಂಡಿಯೊಂದನ್ನು ಕೊರಳಿಗೆ ಹಾಕಿಸಿದ್ದ.

ಒಮ್ಮೆ ಔಷಧಿ ಅಂಗಡಿಯವನೊಬ್ಬ ತನ್ನ ಅಲಾರಂ ಆ ದಿನವೇ ಆಗಬೇಕೆಂದು ಪ್ರಾಣ ಹಿಂಡಿದ. ಚೀಲದಲ್ಲಿ ಸಿಮ್ ಇರಲಿಲ್ಲ. ದಾರಿಯಲ್ಲೇ ಅಕ್ಕನ ಮನೆ. ಅವಳು ಹಿತ್ತಲಲ್ಲಿದ್ದಾಗ ಅವಳ ಡಬ್ಬಿಯ ಸಿಮ್ ತೆಗೆದುಕೊಂಡ. ‘ನಮ್ಮನೇದೇ ಅಲ್ವಾ, ನಾಳೆ ಹಾಕಿದ್ರಾಯ್ತು’ ಅಂದುಕೊಂಡ. ಆ ನಾಳೆ ಬರಲೇ ಇಲ್ಲ.

ಆಮೇಲೊಂದು ಬೆಳಿಗ್ಗೆ, ನೀರಿನ ಪೈಪು ಹಾಕುವವರು ಅಕ್ಕನ ರಸ್ತೆ ಅಗೆದು ತಂತಿ ತುಂಡು ಮಾಡಿದರು. ಅಲ್ಲಿಯ ಗಿರಾಕಿಯೊಬ್ಬರಿಂದ ಅವನಿಗೆ ಸುದ್ದಿ ಬಂದದ್ದು ಮಧ್ಯಾಹ್ನ. ‘ಸಿಮ್ ಇದೆಯಲ್ಲ’ ಎಂದು ತುತ್ತು ಬಾಯಿಗಿಟ್ಟವನಿಗೆ ತಾನೇ ಅದನ್ನು ತೆಗೆದದ್ದು ನೆನಪಾಯಿತು. ಊಟ ಬಿಟ್ಟು ಓಡಿದ.

ಅಕ್ಕ ಬಚ್ಚಲಿನ ನೆಲದ ಮೇಲಿದ್ದಳು. ಬೆಳಿಗ್ಗೆಯೇ ಬಿದ್ದಿದ್ದಳು; ಅಗೆಯುವ ಸದ್ದಿನಲ್ಲಿ ಅವಳ ಕೂಗು ಯಾರಿಗೂ ಕೇಳಿರಲಿಲ್ಲ. ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಅವನು ಎಲ್ಲ ಒಪ್ಪಿಕೊಂಡ.

‘ಗೊತ್ತು ಕಣೋ. ದಿನಾ ಧೂಳು ಒರೆಸೋಳು ನಾನು. ಸಿಮ್ಮಿನ ಹಸಿರು ದೀಪ ಆರಿ ಎಷ್ಟೋ ದಿನ ಆಗಿತ್ತು.’

‘ಮತ್ಯಾಕೆ ಹೇಳ್ಲಿಲ್ಲ ಅಕ್ಕಾ?’

‘ನೀನು ಮಾಡಿದ್ದು ಅಂದ್ಮೇಲೆ ಏನೋ ಲೆಕ್ಕ ಇರುತ್ತೆ ಅಂತ ಸುಮ್ನಿದ್ದೆ.’

ಬೈದಿದ್ದರೆ ಹಗುರಾಗುತ್ತಿದ್ದನೇನೋ. ಆ ಮಾತು ಅವನನ್ನು ಒಳಗೊಳಗೇ ಕೊರೆಯಿತು. ಹೊಸ ಸಿಮ್ ಹಾಕಿದ. ಅಕ್ಕನಿಗೆ ಗಾಲಿಕುರ್ಚಿ ಖಾಯಂ ಆಯಿತು. ಪ್ರತಿ ಭಾನುವಾರ ಅವಳನ್ನು ಡಬ್ಬಿಯ ಮುಂದೆ ತಂದು ತಂತಿ ಕಿತ್ತು ತೋರಿಸುತ್ತಿದ್ದ. ‘ಸಾಕು ಬಿಡೋ ಮಾರಾಯ, ನಂಬಿದೀನಿ’ ಅಂದರೂ ಕೇಳುತ್ತಿರಲಿಲ್ಲ. ಗೆಳೆಯ ಚಪ್ಪಲಿಯ ಮಾತೆತ್ತಿದರೂ ನಗುತ್ತಿರಲಿಲ್ಲ.

ಕಳೆದ ತಿಂಗಳು, ಯಾರದೋ ಮನೆಯಲ್ಲಿ ಏಣಿಯಿಂದ ಬಿದ್ದು ತೀರಿಹೋದ.

ಮುಂದಿನ ಭಾನುವಾರ ಅಕ್ಕ ಆ ಗೆಳೆಯನನ್ನೇ ಕರೆಸಿದಳು. ‘ಆ ತಂತಿ ಸ್ವಲ್ಪ ಕೀಳಪ್ಪ.’

ಕಿತ್ತ. ತುಸು ಹೊತ್ತಿಗೆ ಫೋನ್ ಬಂತು. ಕಾವಲು ಕಚೇರಿಯ ಹುಡುಗಿ.

‘ಅಮ್ಮಾ, ನಿಮ್ಮ ಲೈನ್ ಕಟ್ಟಾಗಿದೆ. ಮನೇಲಿ ಎಲ್ಲಾ ಸರಿ ಇದೆ ತಾನೆ?’

ಸರಿ ಇದೆ ಅನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಫೋನನ್ನು ಗೆಳೆಯನ ಕೈಗಿಟ್ಟಳು. ಅವನಿಗೂ ಬರಲಿಲ್ಲ.

‘ಹಲೋ? ಅಮ್ಮಾ?’ ಎಂದು ಆ ಹುಡುಗಿ ಕೇಳುತ್ತಲೇ ಇದ್ದಳು.