ಹನ್ನೊಂದು ನಿಮಿಷದ ಕಾಫಿ

ನೇಪಲ್ಸ್ ಕಡೆಯ ರೈಲು ನಮ್ಮ ಪೊಂತೆಸೆಲ್ವಾ ನಿಲ್ದಾಣಕ್ಕೆ ಬೆಳಿಗ್ಗೆ ಏಳು ನಲವತ್ತಕ್ಕೆ ಬರುತ್ತದೆ. ಫೊಜ್ಜಾ ಕಡೆಗೆ ಹೋಗುವವರು ಇಲ್ಲಿ ಇಳಿದು ಗಾಡಿ ಬದಲಿಸಬೇಕು. ನಡುವೆ ಹನ್ನೊಂದು ನಿಮಿಷ. ಅಷ್ಟರೊಳಗೆ ರಾಕೆಲೆಯ ಕೈಯ ಕಾಫಿ ಕುಡಿಯದೆ ಮುಂದಿನ ಗಾಡಿ ಹತ್ತಿದವರು ಕಡಿಮೆ. ಒಂದನೇ ಪ್ಲಾಟ್‌ಫಾರ್ಮಿನ ಟಿಕೆಟ್ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವ ನನಗೆ ಎದುರುಗಡೆಯೇ ಅವಳು ಕೆಲಸ ಮಾಡುವ ಅಂಗಡಿ ಕಾಣುತ್ತದೆ.

ಇದೆಲ್ಲ ನಡೆದಾಗ ರಾಕೆಲೆಗೆ ಐವತ್ನಾಲ್ಕು. ಕುಳ್ಳಗಿನ ಗಟ್ಟಿ ಆಳು. ಬೆಳಿಗ್ಗೆ ಬಾಗಿಲು ತೆಗೆದವಳೇ ಮೊದಲು ಹೊರಗೆ ನಿಂತು ಗಾಳಿ ನೋಡುತ್ತಿದ್ದಳು. ಹವೆ ಒದ್ದೆಯಾಗಿದ್ದರೆ ಪುಡಿ ತುಸು ತರಿ, ಒಣಗಾಳಿ ಬೀಸಿದರೆ ತುಸು ನುಣುಪು. ಮೊದಲ ಕಾಫಿಯನ್ನು ತಾನೇ ನಿಂತು ಕುಡಿದು, ಸರಿಯಿಲ್ಲವೆನಿಸಿದರೆ ಪುಡಿ ಬೀಸುವ ಯಂತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಇನ್ನೊಂದು ಇಳಿಸುತ್ತಿದ್ದಳು. ಕಾಫಿ ಇಲಿಯ ಬಾಲದ ಹಾಗೆ ಸಣ್ಣಗೆ, ಕಡಿಯದೆ ಇಳಿಯಬೇಕು ಎನ್ನುವುದು ಅವಳ ಮಾತು. ಅಂಗಡಿಯ ಮಾಲೀಕ ಡೊನ್ ಕತೆಲ್ಲೊ ಕಾಫಿ ಇಳಿಸುವ ಯಂತ್ರದ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ಆ ವರ್ಷ ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದು ಬಂದಳು. ಎಲ್ಲ ಮೊದಲಿನಂತೆಯೇ ಇದೆ ಎಂದುಕೊಂಡೆವು. ಆದರೆ ಜ್ವರ ಹೋಗುವಾಗ ಅವಳ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಒಯ್ದಿತ್ತು. ಒಲೆಯ ಮೇಲೆ ಹಾಲು ಹೊತ್ತಿ ತಳ ಕರಿಯಾದರೂ ಪಕ್ಕದಲ್ಲಿದ್ದ ಅವಳಿಗೆ ಗೊತ್ತಾಗಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಡೊನ್ ಕತೆಲ್ಲೊನ ಭಾವಮೈದ ಆಗಲೇ ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರ ತರಿಸೋಣವೆಂದು ದುಂಬಾಲು ಬಿದ್ದಿದ್ದ. ರುಚಿ ತಿಳಿಯದ ಹೆಂಗಸನ್ನು ಇಟ್ಟುಕೊಂಡು ಅವರೇನು ಮಾಡಿಯಾರು ಎನ್ನುವ ಭಯ ಅವಳಿಗೆ.

ಎರಡು ತಿಂಗಳು ಅವಳು ಕಣ್ಣು ಕಿವಿಗಳಲ್ಲೇ ಕೆಲಸ ಸಾಗಿಸಿದಳು. ಧಾರೆ ಬೀಳುವ ಸದ್ದು, ನೊರೆಯ ಬಣ್ಣ, ಪುಡಿ ಒತ್ತುವಾಗ ಅಂಗೈಗೆ ಸಿಗುವ ಬಿಗಿ. ಮೊದಲ ಕಾಫಿಯನ್ನು ಎಂದಿನಂತೆ ಕುಡಿಯುತ್ತಿದ್ದಳು. ಬಿಸಿನೀರಿಗೂ ಅದಕ್ಕೂ ಅವಳಿಗೆ ವ್ಯತ್ಯಾಸವಿರಲಿಲ್ಲ. ಆಮೇಲೆ ಗಿರಾಕಿಗಳ ಮುಖ ನೋಡುತ್ತಿದ್ದಳು. ಅದರಲ್ಲೂ ಔರೆಲಿಯೊ ಮೇಷ್ಟ್ರ ಮುಖ. ಅವರು ನಿವೃತ್ತ ಶಾಲಾ ಮೇಷ್ಟ್ರು. ಪ್ರತಿ ಸೋಮವಾರ ಫೊಜ್ಜಾದಲ್ಲಿದ್ದ ಅಕ್ಕನನ್ನು ನೋಡಲು ಹೋಗುವಾಗ ಬೇಗನೆ ಬಂದು ಮೊದಲ ಕಪ್ ತೆಗೆದುಕೊಳ್ಳುವವರು. ಕುಡಿದು ಕಣ್ಣು ಮುಚ್ಚಿ ತಲೆ ತೂಗಿದರೆಂದರೆ ಅವಳ ಎದೆ ಹಗುರಾಗುತ್ತಿತ್ತು.

ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನದ ಪಾಳಿಯ ಸಾಬಾತೊ ಯಂತ್ರ ತೊಳೆಯುತ್ತಿದ್ದಾಗ, ಅವನ ತಾಯಿ ಮೆಟ್ಟಿಲಿಂದ ಬಿದ್ದರೆಂದು ಫೋನ್ ಬಂತು. ತೊಳೆಯುವ ಪುಡಿ ಯಂತ್ರದ ಒಳಗಿತ್ತು. ಅವನು ನೀರು ಹಾಯಿಸುವುದನ್ನು ಮರೆತು, ಅಂಗಡಿ ಮುಚ್ಚಿ ಓಡಿದ. ಚೀಟಿಯನ್ನೂ ಬರೆದಿಡಲಿಲ್ಲ.

ಸೋಮವಾರ ರಾಕೆಲೆ ಎಂದಿನಂತೆ ಮೊದಲ ಕಾಫಿ ಇಳಿಸಿ ಕುಡಿದಳು. ನಾಲಿಗೆ ಜಾರಿದಂತಾಯಿತು. ಹಾಗೆ ಆಗುವುದು ಅವಳಿಗೆ ಹೊಸದಲ್ಲ. ಕಾಯಿಲೆಯ ನಂತರ ಎಷ್ಟೋ ದಿನ ಬಾಯಿ ಹೀಗೆಯೇ ಇರುತ್ತಿತ್ತು. ನೀರು ಕುಡಿದು ಸುಮ್ಮನಾದಳು. ಮೇಷ್ಟ್ರಿಗೆ ಒಂದು ಕಪ್ ಕೊಟ್ಟಳು. ಅವಳ ಕಣ್ಣು ನೊರೆಯ ಮೇಲಿರಲಿಲ್ಲ, ಅವರ ಮುಖದ ಮೇಲಿತ್ತು; ಅವರು ಮುಖ ಕಿವುಚಲಿಲ್ಲ. ಅಷ್ಟರಲ್ಲಿ ರೈಲು ಬಂತು.

ನಾನು ಕಿಟಕಿ ಮುಚ್ಚಿ ನನ್ನ ಕಾಫಿಗೆಂದು ಬಂದಿದ್ದೆ. ಕಾಫಿ ಕೊಡುವ ಕಟ್ಟೆಯ ಮುಂದೆ ಎರಡು ಸಾಲು ಜನ. ಎಲ್ಲರ ಕಣ್ಣೂ ಗಡಿಯಾರದ ಮೇಲೆ. ರಾಕೆಲೆ ಐದು ಕಪ್ ಸಾಲಾಗಿ ಇಟ್ಟಳು. ಮುಂದಿದ್ದ ಬಿಳಿ ಅಂಗಿಯ ವಕೀಲನೊಬ್ಬ ಚೀಲ ಕಂಕುಳಲ್ಲಿ ಇರುಕಿಕೊಂಡು ಕಪ್ ಎತ್ತಿದ.

ರಾಕೆಲೆ ಆ ಕಪ್ಪಿನತ್ತ ನೋಡಿದಳು. ನೊರೆ ಎಂದಿನಂತೆ ಹೇಜಲ್ ಕಾಯಿಯ ಕಂದು ಬಣ್ಣಕ್ಕಿರಲಿಲ್ಲ. ಬಟ್ಟೆ ಒಗೆದ ನೀರಿನಲ್ಲಿರುವಂಥ ದೊಡ್ಡ ದೊಡ್ಡ ಗುಳ್ಳೆ. ಅವು ಒಡೆಯುತ್ತಲೂ ಇರಲಿಲ್ಲ.

ಅವಳು ಕಟ್ಟೆಯ ಮೇಲೆ ಬಗ್ಗಿ ಕಪ್ಪಿಗೆ ಹೊಡೆದಳು. ಕಾಫಿ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಉಳಿದ ನಾಲ್ಕನ್ನು ಮೊಣಕೈಯಿಂದ ಒಂದೇ ಸಲಕ್ಕೆ ಒಳಗೆ ಎಳೆದುಕೊಂಡಳು. ಪಿಂಗಾಣಿ ಒಡೆದ ಸದ್ದಿಗೆ ಎಲ್ಲರೂ ಹಿಂದೆ ಸರಿದರು.

"ಯಾರೂ ಕುಡೀಬೇಡಿ. ಸೋಪಿದೆ ಇದ್ರಲ್ಲಿ," ಎಂದಳು. ದನಿ ಏರಿಸಲಿಲ್ಲ.

ವಕೀಲ ಬಾಯಿಗೆ ಬಂದಂತೆ ಬೈದ. ಅವಳಿಗೆ ಅದು ಕೇಳಿಸಲಿಲ್ಲ. ಅವಳು ಕಟ್ಟೆಯ ಕೊನೆಯಲ್ಲಿ ನಿಂತಿದ್ದ ಮೇಷ್ಟ್ರನ್ನು ನೋಡುತ್ತಿದ್ದಳು. ಅವರ ಕಪ್ ಬರಿದಾಗಿತ್ತು. ಒಂದು ಕೈ ಗಂಟಲ ಮೇಲಿತ್ತು.

"ಸ್ವಲ್ಪ ಉರೀತಿದೆ ಡೊನ್ನಾ ರಾಕೆಲೆ. ಜಾಸ್ತಿಯೇನಿಲ್ಲ," ಎಂದರು. ಮುಖ ಬಿಳಿಚಿಕೊಂಡಿತ್ತು.

ನಾನು ವಿಷದ ಸಹಾಯವಾಣಿಗೆ ಫೋನ್ ಮಾಡಿದೆ. ಯಂತ್ರ ತೊಳೆಯುವ ಪುಡಿಯ ಡಬ್ಬದ ಮೇಲೆ ಬರೆದಿದ್ದನ್ನು ಓದಿ ಹೇಳಲು ವೈದ್ಯೆ ಕೇಳಿದಳು. ಓದುವಾಗ ಅಕ್ಷರಗಳು ಕುಣಿಯುತ್ತಿದ್ದವು. ವಾಂತಿ ಮಾಡಿಸಬೇಡಿ, ಬಾಯಿ ಮುಕ್ಕಳಿಸಲಿ, ಗುಟುಕು ಗುಟುಕಾಗಿ ನೀರು ಕುಡಿಯಲಿ, ಆಂಬುಲೆನ್ಸ್ ಬರುತ್ತದೆ ಎಂದಳು. ಫೊಜ್ಜಾ ಗಾಡಿ ಹೊರಟುಹೋಯಿತು. ಅಂಗಡಿ ಖಾಲಿಯಾಯಿತು. ರಾಕೆಲೆ ಮೇಷ್ಟ್ರ ಕಾಲ ಬಳಿ ಕೂತು ನೀರಿನ ಲೋಟ ಹಿಡಿದಿದ್ದಳು. ಲೋಟ ಅವರ ಹಲ್ಲಿಗೆ ಟಕಟಕನೆ ತಾಗುತ್ತಿತ್ತು.

ಬೇರೆ ಯಾರಾದರೂ ಕುಡಿದಿದ್ದಾರೆಯೇ ಎಂದು ಫೋನಿನಲ್ಲಿ ವೈದ್ಯೆ ಕೇಳಿದಳು. ನಾನು ರಾಕೆಲೆಯತ್ತ ತಿರುಗಿದೆ.

"ನೀನು ಕುಡಿದ್ಯಾ?"

"ಹೂಂ. ಪೂರ್ತಿ."

ಅಷ್ಟರಲ್ಲಿ ಓಡಿಬಂದಿದ್ದ ಡೊನ್ ಕತೆಲ್ಲೊ ಬಾಗಿಲಲ್ಲೇ ನಿಂತ. "ಪೂರ್ತಿ ಕುಡಿದ್ಯಾ? ಕುಡಿದೂ ಗೊತ್ತಾಗ್ಲಿಲ್ವಾ ನಿಂಗೆ?"

ಅವಳು ಲೋಟವನ್ನು ಕೆಳಗಿಟ್ಟಳು. ಆಮೇಲೆ ನೆಲ ನೋಡುತ್ತ, "ಜನವರಿಯಿಂದ ನಂಗೆ ಯಾವ ರುಚೀನೂ ಗೊತ್ತಾಗಲ್ಲ, ಡೊನ್ ಕತೆಲ್ಲೊ. ವಾಸನೇನೂ ಇಲ್ಲ," ಎಂದಳು.

ಏಪ್ರನ್ ಬಿಚ್ಚಿ ಮಡಿಸಿ ಕಟ್ಟೆಯ ಮೇಲಿಟ್ಟಳು. ಡೊನ್ ಕತೆಲ್ಲೊ ಬೇಡವೆನ್ನಲಿಲ್ಲ. ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಕರೆದೊಯ್ದರು.

ಅವಳಿಗೇನೂ ಆಗಿರಲಿಲ್ಲ. ಮೇಷ್ಟ್ರ ಗಂಟಲು ಕೆಂಪಾಗಿದೆ, ಹುಣ್ಣಾಗಿಲ್ಲ ಎಂದರು; ಒಂದು ದಿನ ಇಟ್ಟುಕೊಂಡು ಕಳಿಸಿದರು. ಸಾಬಾತೊ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅತ್ತ. ಅವನನ್ನು ಸಮಾಧಾನ ಮಾಡಿದವಳು ರಾಕೆಲೆಯೇ. ಆದರೆ ಮನೆಗೆ ಬಂದವಳು ಬಾಗಿಲು ಹಾಕಿಕೊಂಡು ಹತ್ತು ದಿನ ಹೊರಗೆ ಬರಲಿಲ್ಲ. ಅಂಗಡಿಯಲ್ಲಿ ಸಾಬಾತೊ ಎರಡೂ ಪಾಳಿ ಮಾಡಿದ. ಪ್ರಯಾಣಿಕರು ಅರ್ಧ ಕುಡಿದು ಬಿಟ್ಟುಹೋಗುತ್ತಿದ್ದರು.

ಹನ್ನೊಂದನೆಯ ದಿನ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಕ್ಷಮಿಸಲು ಬಂದಿದ್ದಾರೆಂದು ನಾನು ತಿಳಿದಿದ್ದೆ. ಅವರು ಕೋಪದಲ್ಲಿದ್ದರು.

"ಎರಡು ತಿಂಗಳು ನನ್ನ ಮುಖ ನೋಡ್ಕೊಂಡು ಕಾಫಿ ಮಾಡಿದ್ಯಲ್ಲಮ್ಮ. ಬಾಯಿಬಿಟ್ಟು ಕೇಳಿದ್ರೆ ನಾನೇನು ಹೇಳ್ತಿರ್ಲಿಲ್ವಾ?" ಎಂದರು. ಕುರ್ಚಿ ಎಳೆದು ಕೂತು, "ಅವತ್ತು ಮೊದಲ ಗುಟುಕಿಗೇ ಕೆಟ್ಟಿದೆ ಅನ್ನಿಸ್ತು. ನೀನು ನನ್ನನ್ನೇ ನೋಡ್ತಿದ್ದೆ. ನೊಂದ್ಕೋತೀಯಾ ಅಂತ ಕುಡಿದ್ಬಿಟ್ಟೆ. ನನಗಿಂತ ದಡ್ಡ ಯಾರಿದಾರೆ ಹೇಳು," ಎಂದರು.

ಅವಳು ನಗಲಿಲ್ಲ. ಒಳಗೆ ಹೋಗಿ ಮುಖ ತೊಳೆದು ಬಂದಳು.

ಡೊನ್ ಕತೆಲ್ಲೊ ಒಂದು ಷರತ್ತಿನ ಮೇಲೆ ಅವಳನ್ನು ಮತ್ತೆ ಸೇರಿಸಿಕೊಂಡ. ಬೆಳಗಿನ ಕಾಫಿಯ ರುಚಿಯನ್ನು ನಾನು ನೋಡಿ ಹೇಳಬೇಕು. ಶುರುವಿನಲ್ಲಿ ಅದು ಅವಳಿಗೆ ನುಂಗಲಾರದ ತುತ್ತಾಗಿತ್ತು. ನಾನು ಚೆನ್ನಾಗಿದೆ ಎಂದರೆ ಸಾಲದು. ಹುಳಿ ನಾಲಿಗೆಯ ತುದಿಗೋ ಅಂಚಿಗೋ, ಕಹಿ ಎಷ್ಟು ಹೊತ್ತು ನಿಂತಿತು ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದಳು. ನನಗೆ ಉತ್ತರಿಸಲು ಕಲಿಯುವುದಕ್ಕೆ ಬೇಸಿಗೆಯೆಲ್ಲ ಬೇಕಾಯಿತು.

ನೇಪಲ್ಸಿನ ವೈದ್ಯರು, ಹೋದ ರುಚಿ ವಾಸನೆ ಮರಳಿ ಬಂದರೂ ಬಂದೀತು, ಬಾರದೆಯೂ ಇರಬಹುದು ಎಂದಿದ್ದಾರಂತೆ. ಕಳೆದ ತಿಂಗಳು ಪ್ಲಾಟ್‌ಫಾರ್ಮಿನಲ್ಲಿ ಯಾರೋ ಕಿತ್ತಳೆ ಸುಲಿಯುತ್ತಿದ್ದಾಗ ಅವಳು ಮಾತು ನಿಲ್ಲಿಸಿ ತಲೆ ಎತ್ತಿದಳು. ಏನಾಯಿತೆಂದು ಕೇಳಿದೆ. ಗೊತ್ತಿಲ್ಲ, ಏನೋ ಅನ್ನಿಸಿತು, ಈಗ ಹೋಯಿತು ಎಂದಳು. ರೈಲು ಬರುವ ಗಂಟೆ ಹೊಡೆಯಿತು. ಇಬ್ಬರೂ ನಮ್ಮ ನಮ್ಮ ಜಾಗಕ್ಕೆ ಹೋದೆವು.