ದುರುಗವ್ವನ ಗೇಣು

ದುರುಗವ್ವನನ್ನು ಕಂಡವರ ಕಣ್ಣು ಮೊದಲು ಅವಳ ಕೈಯ ಮೇಲೆ ಬೀಳುತ್ತಿತ್ತು, ಮುಖದ ಮೇಲೆ ಆಮೇಲೆ. ಆಳು ಗಿಡ್ಡ, ಮೈ ಒಣಕಲು. ಕೈ ಮಾತ್ರ ಮೊರದಗಲ. ಗಂಗಾವತಿಯಿಂದ ಮರಳಿಗೆ ಹೋಗುವ ದಾರಿಯ ರೈಸ್ ಮಿಲ್ಲಿನಲ್ಲಿ ಅವಳದು ಕಸ ಗುಡಿಸುವ, ತೌಡು ತುಂಬುವ ಕೆಲಸ. ಎಮ್ಮೆ ಕಟ್ಟಿದವರೆಲ್ಲ "ಒಂದು ಹಿಡಿ ತೌಡು ಹಾಕಬೇ ದುರುಗವ್ವ" ಎಂದು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳ ಒಂದು ಹಿಡಿ ಬೇರೆಯವರ ಎರಡು ಹಿಡಿಗೆ ಸಮ. ಜನ ಅಷ್ಟೇನೂ ದಡ್ಡರಲ್ಲ ಬಿಡಿ.

ಮಿಲ್ಲಿನ ಹಿತ್ತಲಲ್ಲಿ ಬಾಯ್ಲರಿಗೆ ನೀರು ನಿಲ್ಲಿಸುವ ದೊಡ್ಡ ಕಲ್ಲಿನ ತೊಟ್ಟಿ ಇತ್ತು. ಎಂಬತ್ತೆರಡರ ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಪಂಪಿನ ನೀರಿನ ಜೊತೆ ಬೆರಳುದ್ದದ ಹತ್ತಾರು ಮೀನು ತೊಟ್ಟಿಗೆ ಬಂದು ಬಿದ್ದವು. ಮಿಲ್ಲಿನ ಮೇಸ್ತ್ರಿ ಲಕ್ಷ್ಮಣಪ್ಪ ಹಳೆಯ ಸೀರೆ ಹಿಡಿದು ಎಲ್ಲವನ್ನೂ ಬಳಿದುಕೊಂಡು ಹೋಗಿ ಸಾರು ಮಾಡಿಸಿ ಉಂಡ. ಕಲ್ಲಿನ ಸಂದಿಯಲ್ಲಿ ಅಡಗಿ ಕೂತ ಒಂದೇ ಒಂದು ಉಳಿಯಿತು. ಮರುದಿನ ನೀರು ತುಂಬಲು ಹೋದ ದುರುಗವ್ವನ ಕಣ್ಣಿಗೆ ಅದು ಬಿತ್ತು.

ಅವಳು ಕುಷ್ಟಗಿ ಕಡೆಯ ಒಣಭೂಮಿಯವಳು. ಕುಡಿಯುವ ನೀರಿಗೇ ಕೊಡ ಹೊತ್ತು ಮೈಲು ನಡೆದವಳು. ಜೀವಂತ ಮೀನನ್ನು ಹತ್ತಿರದಿಂದ ಕಂಡಿರಲೇ ಇಲ್ಲ. "ಇದೇನ ಮೀನೋ ಮಾವ?" ಎಂದು ಬಾಯ್ಲರು ನೋಡಿಕೊಳ್ಳುವ ಟಿಪ್ಪುಸಾಬನನ್ನು ಕೇಳಿದಳು. "ಜಿಲೇಬಿ" ಎಂದ ಅವನು. ಸಿಹಿ ತಿನ್ನುವ ಮೀನೆಂದು ತಿಳಿದು ಪುಣ್ಯಾತ್ಗಿತ್ತಿ ಮೂರು ದಿನ ಅದಕ್ಕೆ ಬೆಲ್ಲ ಹಾಕಿದಳು! ಮೀನು ಮೂಸಿ ಕೂಡ ನೋಡಲಿಲ್ಲ. ಟಿಪ್ಪುಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಹುಚ್ಚಿ, ಜಿಲೇಬಿ ಅಂದ್ರ ಅದರ ಹೆಸರು. ತಿನ್ನೂದಲ್ಲ."

"ತಿನ್ನೂದಲ್ಲಂದ್ರ ಮೇಸ್ತ್ರಿ ಯಾಕ ತಿಂದ?"

ಟಿಪ್ಪುಸಾಬ ಬೀಡಿ ಹಚ್ಚಿಕೊಂಡು ಬಾಯ್ಲರಿನ ಕಡೆ ಹೋದ.

ಉಳಿದ ಒಂದನ್ನೂ ಹಿಡಿಯಲು ಲಕ್ಷ್ಮಣಪ್ಪ ಸೀರೆ ತಂದಾಗ ದುರುಗವ್ವ ತೊಟ್ಟಿಗೆ ಅಡ್ಡ ನಿಂತಳು. "ಇದೊಂದ ಇರಲಿ ಬಿಡ್ರಿ. ಬೆರಳುದ್ದ ಐತಿ, ಹಲ್ಲಿನ ಸಂದಿಗೂ ಸಾಲಂಗಿಲ್ಲ."

ಮೇಸ್ತ್ರಿ ಯೋಚಿಸಿದ. ತೌಡು ಮಿಲ್ಲಿನದು, ಚಾಕರಿ ಇವಳದು, ಊಟ ತನ್ನದು, ತನಗೇನು ನಷ್ಟ? "ಆತು. ಒಂದೂವರಿ ಗೇಣ ಆಗೂಮಟ ಸಾಕು. ಆದ ದಿನ ನನ್ನ ತಾಟಿಗೆ ಬರಬೇಕು. ಮಾತ ಕೊಡ್ತಿಯೇನು?"

"ಕೊಟ್ಟೆ ನೋಡ್ರಿ" ಎಂದಳು ದುರುಗವ್ವ, ಟಿಪ್ಪುಸಾಬನ ಎದುರಿಗೆ. ಒಂದೂವರೆ ಗೇಣು ಆವತ್ತು ಅವಳಿಗೆ ಕಾಶಿಯಷ್ಟು ದೂರ ಕಂಡಿತ್ತು.

ಮೀನು ಬೆಳೆಯಿತು ನೋಡಿ, ಅಬ್ಬಬ್ಬಾ! ತೌಡು ತಿಂದಿತು, ನುಚ್ಚು ತಿಂದಿತು, ಶೇಂಗಾ ಹಿಂಡಿ ನೆನೆಸಿ ಉಂಡೆ ಕಟ್ಟಿ ಹಾಕಿದರೆ ಅವಳ ಬೆರಳನ್ನೂ ಸೇರಿಸಿ ಕಚ್ಚಿತು. ಮಳೆಗಾಲದಲ್ಲಿ ಹುತ್ತದಿಂದ ಗೆದ್ದಲು ತಂದು ಸುರಿದಳು. ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಮಿಲ್ಲು ನಿಲ್ಲುತ್ತಿತ್ತು. ಆವತ್ತು ಉಂಡೆ ತೋರಿಸಿ ಮೀನನ್ನು ದಂಡೆಗೆ ಕರೆದು, ಪಕ್ಕದಲ್ಲಿ ಜೋಳದ ದಂಟು ಹಿಡಿದು, ಬಾಲದ ಅಳತೆಗೆ ಮುರಿದು ಮಿಲ್ಲಿನ ಸೂರಿಗೆ ಸಿಕ್ಕಿಸುತ್ತಿದ್ದಳು. ಮೊದಲ ವರ್ಷ ಪ್ರತಿ ದಂಟೂ ಹಿಂದಿನದಕ್ಕಿಂತ ಒಂದು ಬೆರಳಗಲ ಉದ್ದ. ಬಣ್ಣ ಕಪ್ಪಿಗೆ ತಿರುಗಿತು, ರೆಕ್ಕೆಯ ಅಂಚು ಕೆಂಪಾಯಿತು. ಅವಳು "ಏ ಕರಿಯಾ" ಎಂದರೆ ಮೇಲೆ ಬರುತ್ತಿತ್ತು. ಹೆಸರು ಕೇಳಿ ಬರುತ್ತಿತ್ತೋ, ನೆರಳು ನೋಡಿ ಬರುತ್ತಿತ್ತೋ, ಆ ಮಾತು ಅವಳ ಮುಂದೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಪ್ರೀತಿ ಅತಿಯಾಯಿತು. ಬುಟ್ಟಿಗಟ್ಟಲೆ ಸುರಿದ ತೌಡು ತಳದಲ್ಲಿ ಕೊಳೆತು ನೀರು ಹುಳಿ ನಾತ ಹೊಡೆಯಿತು. ಕರಿಯ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದ. ದುರುಗವ್ವ ಒಬ್ಬಳೇ ಮಧ್ಯಾಹ್ನವೆಲ್ಲ ನಿಂತು ಅರ್ಧ ತೊಟ್ಟಿ ನೀರು ಹೊರಗೆ ಚೆಲ್ಲಿ, ಹೊಸ ನೀರು ಬಿಟ್ಟಳು. ಅಂದಿನಿಂದ ಟಿಪ್ಪುಸಾಬ ಒಂದು ಕಟ್ಟಳೆ ಹಾಕಿಕೊಟ್ಟ: ಅವನು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮೀನು ಎಷ್ಟು ತಿನ್ನುತ್ತದೋ ಅಷ್ಟೇ, ದಿನಕ್ಕೆ ಎರಡು ಸಲ. ಹೊಟ್ಟೆ ತುಂಬ ಉಣ್ಣಿಸುವುದು ಬೇರೆ, ನೀರಿಗೆ ಸುರಿಯುವುದು ಬೇರೆ ಎಂದು ಅವಳು ಕಲಿತಳು.

ಎರಡನೆಯ ವರ್ಷ ಲಕ್ಷ್ಮಣಪ್ಪ ತೊಟ್ಟಿಯ ಕಡೆ ಸುಳಿಯುವುದು ಹೆಚ್ಚಾಯಿತು. "ಮಸಾಲಿ ಅರೆಸಲೇನಬೇ?" ಎನ್ನುವನು, ಮೀಸೆ ಸವರುವನು. ದುರುಗವ್ವನಿಗೆ ಒಂದೊಂದು ಹಿಡಿ ತೌಡು ಹಾಕುವಾಗಲೂ ತಾನೇ ಕರಿಯನನ್ನು ಮೇಸ್ತ್ರಿಯ ತಾಟಿನ ಕಡೆ ನೂಕುತ್ತಿದ್ದೇನೆ ಅನ್ನಿಸುತ್ತಿತ್ತು.

ಗಂಡ ಗಿಡ್ಡಪ್ಪ ಅದೇ ಮಿಲ್ಲಿನಲ್ಲಿ ಮೂಟೆ ಹೊರುವವನು. ಒಂದು ಮಧ್ಯಾಹ್ನ ತೊಟ್ಟಿಯ ದಂಡೆಗೆ ಬುತ್ತಿ ಬಿಚ್ಚಿ ಕೂತಾಗ ಉಪಾಯ ಹೇಳಿದ. "ಅರ್ಧ ಹಾಕು. ಕಡಿಮಿ ತಿಂದ್ರ ಕಡಿಮಿ ಬೆಳೀತೈತಿ. ಒಂದೂವರಿ ಗೇಣ ತುಂಬೂದಽ ಇಲ್ಲ, ಜೀವ ಉಳೀತೈತಿ."

ದುರುಗವ್ವ ಅವನನ್ನು ದಿಟ್ಟಿಸಿ ನೋಡಿದಳು. "ನನಗೂ ಹಿಂಗಽ ಮಾಡಿದ್ರು."

"ಯಾರು?"

"ನಮ್ಮ ಆಯಿ. ಹುಟ್ಟಿದಾಗಽ ಸೋದರಮಾವನ ಮಗ ಆದ ನಿನಗ ಕೊಡೂದಂತ ಮಾತಾಗಿತ್ತು. ಹತ್ತ ವರ್ಷಕ್ಕ ನಾ ನಿನ್ನ ಕಿವಿಮಟ ಬೆಳದೆ. 'ಗಂಡು ಗಿಡ್ಡ ಐತಿ, ಹುಡುಗಿ ಮೀರಿ ಬೆಳದ್ರ ಲಗ್ನ ಮುರೀತೈತಿ' ಅಂತ ಆವತ್ತಿಂದ ನನ್ನ ತಾಟಿಗೆ ಅರ್ಧ ರೊಟ್ಟಿ. ಜೋಳ ಛಲೋ ಬಂದ ವರ್ಷಾನೂ ಅರ್ಧಾನಽ."

ಗಿಡ್ಡಪ್ಪ ಕೈಯಲ್ಲಿದ್ದ ತುತ್ತನ್ನು ಬುತ್ತಿಗೆ ಇಟ್ಟ. "ನೀ ಕಡಿಮಿ ಉಣ್ಣಾಕಿ ಅಂತ ತಿಳಿದಿದ್ನೆಲ್ಲಬೇ..."

"ಕಡಿಮಿ ಉಣ್ಣಾಕಿ ಯಾರೂ ಹುಟ್ಟೂದಿಲ್ಲ. ಮೈ ನಿಂತತು, ಈ ಕೈ ಮಾತ್ರ ಯಾರ ಮಾತೂ ಕೇಳಲಿಲ್ಲ." ಅವಳು ಎದ್ದು ಸೆರಗು ಕಟ್ಟಿದಳು. "ಹೊಟ್ಟಿ ಕಟ್ಟಿ ಇದನ್ನ ಉಳಸಂಗಿಲ್ಲ ನಾ. ಉಂಡಽ ಬೆಳೀಲಿ. ಉಳಸೂ ದಾರಿ ಬ್ಯಾರೆ ಹುಡುಕ್ತೀನಿ." ಹೇಳಿ, ತುಂಬು ಹಿಡಿ ತೌಡು ಹಾಕಿದಳು.

ಎಂಬತ್ತನಾಲ್ಕರ ದಸರೆ ಮುಗಿದ ಮೇಲೆ ಒಂದು ಭಾನುವಾರ ಲಕ್ಷ್ಮಣಪ್ಪ ಬುಟ್ಟಿ ಹಿಡಿದು ಬಂದ. ಮನೆಯಲ್ಲಿ ಮಸಾಲೆ ಅರೆಸಿಟ್ಟೇ ಬಂದಿದ್ದ. ಸೂರಿನಿಂದ ಕೊನೆಯ ದಂಟು ಕಿತ್ತು ಗೇಣು ಹಾಕಿದ. ಒಂದು ಗೇಣು, ಮೇಲೆ ಅರ್ಧ. ಕೂದಲೆಳೆ ಹೆಚ್ಚೇ ಇತ್ತು.

"ಆತಲ್ಲ? ಮಾತಂದ್ರ ಮಾತು."

"ಮಾತಂದ್ರ ಮಾತರಿ" ಎಂದಳು ದುರುಗವ್ವ. "ಆದ್ರ ಯಾರ ಗೇಣ?"

"ಗೇಣಂದ್ರ ಗೇಣ. ಯಾರದಾದ್ರೇನು?"

"ಯಾರದಾದ್ರೇನು ಅಂದ್ರ ನಂದಽ ಇರಲಿ. ಅವರವರ ಕೈಲೆ ಅವರವರು ಎಂಟ ಗೇಣ ಅಂತಾರ. ಮೀನಕ್ಕ ಕೈ ಇಲ್ಲ, ಉಣಿಸಿದ ಕೈ ನಂದು. ಕೂಸಿನ ಉಡದಾರ ತಾಯಿ ಕೈಲೆ ಅಳೀತಾರೋ, ದಾರೀಲೆ ಹೋಗಾವರ ಕೈಲೆ ಅಳೀತಾರೋ, ನೀವಽ ಹೇಳ್ರಿ."

ಕೂಲಿಯವರೆಲ್ಲ ಸುತ್ತ ನೆರೆದರು. ಲಕ್ಷ್ಮಣಪ್ಪ ಟಿಪ್ಪುಸಾಬನ ಮುಖ ನೋಡಿದ. ಅವನು ಬೀಡಿ ಆರಿಸಿ, ಕಿವಿಗೆ ಸಿಕ್ಕಿಸಿ ಹೇಳಿದ: "ಯಾರ ಗೇಣಂತ ನೀವು ಕರಾರ ಮಾಡಿಲ್ಲ ಮೇಸ್ತ್ರಿ. ಆವತ್ತ ನಾನೂ ಇದ್ನೆಲ್ಲ."

"ಅದು ಹೆಣ್ಣಿನ ಕೈಯೇನೋ? ಮೊರ ಐತಿ, ಮೊರ!"

ಹೆಂಡತಿಯ ಕೈ ನೋಡಿ ಜನ ನಕ್ಕಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಗಿಡ್ಡಪ್ಪ ಆವತ್ತು ತಗ್ಗಿಸಲಿಲ್ಲ. "ಹೌದರಿ, ಮೊರಾನಽ ಐತಿ" ಎಂದ. "ಅಳೀಲಿ ಬಿಡ್ರಿ."

ದುರುಗವ್ವ ದಂಟನ್ನು ನೆಲಕ್ಕಿಟ್ಟು ಹೆಬ್ಬೆರಳು ಊರಿ ಕೈ ಚಾಚಿದಳು. ಒಂದು ಗೇಣು. ಮುಂದಿನ ಅರ್ಧಕ್ಕೆ ದಂಟೇ ಸಾಲಲಿಲ್ಲ. ಬರೋಬ್ಬರಿ ಮೂರು ಬೆರಳು ಕಡಿಮೆ.

"ಬರೂ ವರ್ಷ ತುಂಬತೈತಿ" ಎಂದು ಗುಡುಗಿ ಲಕ್ಷ್ಮಣಪ್ಪ ಬುಟ್ಟಿ ಎತ್ತಿಕೊಂಡ.

"ತುಂಬಲಿ ಬಿಡ್ರಿ. ಆವತ್ತೂ ಇದಽ ಕೈ ಇರತೈತಿ."

ತುಂಬಲಿಲ್ಲ. ಮೀನು ಎಳೆಯದರಲ್ಲಿ ಬೆಳೆದಂತೆ ಬಲಿತ ಮೇಲೆ ಬೆಳೆಯುವುದಿಲ್ಲ. ತಿಂಗಳಿಗೆ ಬೆರಳಗಲ ಏರುತ್ತಿದ್ದುದು ಅಕ್ಕಿ ಕಾಳಿನಷ್ಟಾಯಿತು, ಆಮೇಲೆ ಅದೂ ನಿಂತಿತು. ದುರುಗವ್ವನ ಒಂದೂವರೆ ಗೇಣಿಗೆ ಒಂದು ಬೆರಳು ಕಡಿಮೆ ಇದ್ದುಕೊಂಡೇ ಕರಿಯ ಎಂಬತ್ತೊಂಬತ್ತರವರೆಗೆ ಹೊಟ್ಟೆ ತುಂಬ ಉಂಡು ಬದುಕಿದ. ಮೇಸ್ತ್ರಿ ಅರೆಸಿಟ್ಟ ಮಸಾಲೆ ಅಳತೆಯ ದಿನವೇ ಬದನೆಕಾಯಿಗೆ ಹೋಯಿತಂತೆ.

ಆ ಭಾನುವಾರ ಸಂಜೆ ಗಂಡ ಹೆಂಡತಿ ಉಣ್ಣಲು ಕೂತರು. ದುರುಗವ್ವ ಗಿಡ್ಡಪ್ಪನಿಗೆ ಎರಡು ರೊಟ್ಟಿ ಹಾಕಿದಳು. ತನಗೆ ಒಂದು ತೆಗೆದುಕೊಂಡು, ಗೊತ್ತಿಲ್ಲದೆಯೇ, ಇಪ್ಪತ್ತೈದು ವರ್ಷದ ರೂಢಿಯಂತೆ ಅರ್ಧಕ್ಕೆ ಮುರಿದು ಉಳಿದರ್ಧವನ್ನು ಬುಟ್ಟಿಗೆ ಇಟ್ಟಳು. ಗಿಡ್ಡಪ್ಪ ಆ ಅರ್ಧವನ್ನು ಎತ್ತಿ ಅವಳ ತಾಟಿಗೆ ಹಾಕಿದ. ಮೇಲೆ ತನ್ನದೊಂದು ರೊಟ್ಟಿಯನ್ನೂ ಇಟ್ಟ.

"ಇದೇನು? ಈ ವಯಸ್ಸಿನ್ಯಾಗ ನಾ ಇನ್ನ ಬೆಳೀಬೇಕೇನು?"

"ಬೆಳಿ" ಎಂದ ಗಿಡ್ಡಪ್ಪ. "ಲಗ್ನ ಆಗೇತಿ. ಇನ್ನ ಮುರಿಯೂದಿಲ್ಲ."

ದುರುಗವ್ವ ಆವತ್ತು ಎರಡು ರೊಟ್ಟಿ ತಿಂದಳು.