ಸಹಿ ಕಲಿಸುತ್ತಿದ್ದ ಅಯ್ಯೋರು

...ಎಡಗಿವಿಯ ಮೇಲೆಯೇ ಇರಬೇಕು. ಬಲಗಿವಿ ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಬಳಪದ ತುಂಡಂತೂ ಇತ್ತು. ನಮ್ಮ ಹೆಡ್‌ಮಾಸ್ಟರು ಅದನ್ನು ಕಿವಿಗೆ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಕಿವಿಯ ಹಿಂದೆ ಬೆಳ್ಳಗೆ ಬಿದ್ದ ಗೆರೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಊರು ಅವರನ್ನು ಅಯ್ಯೋರು ಎನ್ನುತ್ತಿತ್ತು. ತೆಲುಗು ಸೀಮೆಗೆ ಸೇರಿಹೋದ ಆಲೂರಿನ ಹತ್ತಿರದ ಆ ಕನ್ನಡ ಶಾಲೆಯಲ್ಲಿ ಅವರ ಕೈಕೆಳಗೆ ನಾನೊಬ್ಬನೇ ಮೇಷ್ಟ್ರು. ಐವತ್ತರ ದಶಕದ ಮಾತು.

ಪಂಚಾಯಿತಿ ಪ್ರೆಸಿಡೆಂಟ್ ಸ್ಥಾನಕ್ಕೆ ನಿಲ್ಲುವವನು ಯಾವ ದಿನ ಬಾಯಿ ಬಿಡುತ್ತಾನೆಂದು ಅಯ್ಯೋರು ತಿಂಗಳ ಮೊದಲೇ ಹೇಳುತ್ತಿದ್ದರು.

"ಅಯ್ಯೋರ, ಈ ಸಲ ಗೌಡ್ರ ಎದುರಿಗೆ ಯಾರು ನಿಂದ್ರತಾರ್ರಿ?" ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದರು.

"ಯಾರು ಅಂತ ಕೇಳಬ್ಯಾಡ್ರಿ, ಯಾವಾಗ ಅಂತ ಕೇಳ್ರಿ. ಅಮಾಸಿ ಕಳದು ಮೂರನೇ ದಿನ."

ಪಂಚಾಂಗ ನೋಡುತ್ತಾರೆ ಎಂದು ಜನ ನಂಬಿದ್ದರು. ಗುಟ್ಟು ಬೇರೆ ಇತ್ತು. ನಾಮಪತ್ರಕ್ಕೆ ಹೆಬ್ಬೆಟ್ಟು ನಡೆಯುತ್ತಿತ್ತೇನೋ, ಮರ್ಯಾದೆಗೆ ನಡೆಯುತ್ತಿರಲಿಲ್ಲ. ನಿಲ್ಲುವ ಆಸೆಯಿದ್ದವರು ಮೊದಲು ಕದ್ದುಮುಚ್ಚಿ ಅಯ್ಯೋರ ಹತ್ತಿರ ಸಹಿ ಕಲಿಯಲು ಬರುತ್ತಿದ್ದರು. ಅದು ಕೈಗೆ ಕೂರುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಅಕ್ಷರಕ್ಕೆ ಒಂದು ವಾರ, ಒತ್ತಕ್ಷರವಾದರೆ ಹತ್ತು ದಿನ. ಇಷ್ಟೇ ಅಯ್ಯೋರ ಪಂಚಾಂಗ.

ಆ ಸಲ ಬಂದವನು ದೊಡ್ಡ ಕುರಿಹಿಂಡಿನ ಯಜಮಾನ. ಪ್ರೆಸಿಡೆಂಟ್ ಆಗಿದ್ದ ಗೌಡರು ಚಾವಡಿಯಲ್ಲಿ ಎಲ್ಲರೆದುರು, "ಹೆಬ್ಬೆಟ್ಟಿನವಗ ಕುರ್ಚಿ ಯಾಕಲೇ, ಕುರಿ ಕಟ್ಟಾಕೇನು?" ಎಂದಿದ್ದರು. ಮಾತು ನಾಟಿತ್ತು.

ಅಯ್ಯೋರಿಗೆ ಒಂದು ಪದ್ಧತಿ. ಸ್ಲೇಟಿನ ಮೇಲರ್ಧದಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಕಲಿಯುವವನದು ಬರೆಯುತ್ತಿದ್ದರು. "ಮೊದಲು ಕಲಿಸಾವಂದು, ಆಮ್ಯಾಲೆ ಕಲಿಯಾವಂದು." ಯಜಮಾನನಿಗೆಂದು ತೆಗೆದಿಟ್ಟ ಸ್ಲೇಟು ಬೀರುವಿನ ಹಿಂದೆ ಒಂದೆರಡು ದಿನ ಇತ್ತು. ಯಜಮಾನ ಬಂದಾಗ ಅಯ್ಯೋರು ಪಾಠದಲ್ಲಿದ್ದರು. "ಬೀರು ಹಿಂದ ಐತಿ, ತಗೊಂಡು ಹೋಗಪಾ" ಎಂದು ಅಲ್ಲಿಂದಲೇ ಕೂಗಿದರು. ಅವನು ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕುರಿ ಹಿಂದೆ ಹೋದ. ಮರಳಿನ ಮೇಲೆ, ಬಂಡೆಯ ಮೇಲೆ ತಿದ್ದಿದನಂತೆ. ವಾರಕ್ಕೊಮ್ಮೆ ಶಾಲೆಯ ಮುಂದೆ ಹಾಯುವಾಗ ರಸ್ತೆಯಿಂದಲೇ ಕೂಗುತ್ತಿದ್ದ: "ಅಯ್ಯೋರ, ಎರಡು ಬಂದಾವ್ರಿ!" ಮುಂದಿನ ವಾರ, "ಮೂರು ಬಂದಾವ್ರಿ!" ಕೇಳಿದವರು ಕುರಿಮರಿ ಅಂದುಕೊಳ್ಳುತ್ತಿದ್ದರು.

ಗೌಡರಿಗೆ ಮಾತ್ರ ವಾಸನೆ ಹತ್ತಿತು. ಶಾಲೆಗೇ ಬಂದರು.

"ಯಾರಂತ ಹೇಳ್ರಿ ಅಯ್ಯೋರ. ಇಲ್ಲಾಂದ್ರ ಎಮ್ಮಿಗನೂರಿನ ಆಚಿಗೆ ವರ್ಗಾ ಮಾಡಸ್ತೀನಿ."

"ಅಲ್ಲೂ ಹುಡುಗ್ರು ಇರತಾರಲ್ರಿ ಗೌಡ್ರ" ಎಂದರು ಅಯ್ಯೋರು. ಅವರ ಸರ್ವೀಸು ಎರಡು ವರ್ಷ ಉಳಿದಿತ್ತು. ಹೆಂಡತಿಗೆ ಕೀಲುನೋವು. ಆದರೂ ಹೆಸರು ಹೇಳಲಿಲ್ಲ.

ಅಮಾವಾಸ್ಯೆ ಕಳೆದ ಮೂರನೆಯ ದಿನ ಬೆಳಿಗ್ಗೆ ಯಜಮಾನ ಚಾವಡಿಯಲ್ಲಿ ನಿಂತು, "ನಾನೂ ನಿಂದ್ರತೀನಿ" ಎಂದ. ಊರು ಅಯ್ಯೋರ ಕಡೆ ನೋಡಿ ಬೆರಗಾಯಿತು. ನಾಮಪತ್ರಕ್ಕೆ ಅದೇ ಕೊನೆಯ ದಿನ. ಎಲ್ಲರೂ ಆಲೂರಿನ ತಾಲ್ಲೂಕು ಕಚೇರಿಗೆ ಹೋದೆವು. ಯಜಮಾನ ಪೆನ್ನನ್ನು ಉಣ್ಣೆ ಕತ್ತರಿಸುವ ಕತ್ತರಿಯಂತೆ ಹಿಡಿದು, ನಾಲಿಗೆ ಕಚ್ಚಿಕೊಂಡು ನಾಲ್ಕು ಅಕ್ಷರ ಬರೆದ. ಮುತ್ತಿನಂಥ ಅಕ್ಷರ.

ಅಧಿಕಾರಿ ತೆಲುಗಿನವರು. ಕನ್ನಡವನ್ನು ಕೂಡಿಸಿ ಕೂಡಿಸಿ ಓದಿ ಹುಬ್ಬೇರಿಸಿದರು: "ಪೇರು ಒಕಟಿ, ಸಂತಕಂ ಇಂಕೊಕಟಿ! ಇದೇಮಯ್ಯಾ?" ಅರ್ಜಿಯಲ್ಲಿ ಒಂದು ಹೆಸರು, ಸಹಿಯಲ್ಲಿ ಇನ್ನೊಂದು. ಸಹಿಯನ್ನು ಗಟ್ಟಿಯಾಗಿ ಓದಿದರು. ಅದು ಅಯ್ಯೋರ ಹೆಸರು.

ನಾಮಪತ್ರ ತಿರಸ್ಕಾರವಾಯಿತು. ಎದುರಾಳಿಯಿಲ್ಲದೆ ಗೆದ್ದ ಗೌಡರಿಗೂ ಸಮಾಧಾನವಿಲ್ಲ. "ಕಲಸಾದು ಬಿಟ್ಟು ನೀವ ನಿಂತ್ರೇನ್ರಿ?" ಎಂದು ಅಯ್ಯೋರ ಮೇಲೆ ಕೆಂಡವಾದರು.

ಮರುದಿನ ಬೆಳಿಗ್ಗೆ ಯಜಮಾನ ಸ್ಲೇಟು ಹಿಡಿದು ಬಂದ. ಬಡಿಯುತ್ತಾನೆಂದೇ ನಾನು ಬಾಗಿಲ ಹತ್ತಿರ ಸರಿದೆ.

"ಅಯ್ಯೋರ, ನಿಮ್ಮ ಹೆಸರು ಬಂತು. ಇನ್ನ ನಂದು ಕಲಸ್ರಿ."

ಅಯ್ಯೋರು ನಕ್ಕ ನಗುವಿಗೆ ಬಳಪ ಕಿವಿಯಿಂದ ಬಿತ್ತು. ನಗು ನಿಂತ ಮೇಲೆ ಮೆಲ್ಲಗೆ, "ತಪ್ಪು ನಂದಪಾ. ನಿನ್ನ ಹೆಸರು ಬರಿಯಾದು ಮರತಿದ್ದೆ" ಎಂದರು. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ತಿಂಗಳೊಳಗೆ ವರ್ಗದ ಆರ್ಡರು ಬಂತು. ಅಷ್ಟರಲ್ಲಿ ಯಜಮಾನನಿಗೆ ಅವನದೇ ಹೆಸರು ಕಲಿಸಿ ಹೋದರು. ಮುಂದಿನ ಸಲ ಅವನು ನಿಂತ, ಗೆದ್ದ. ಆ ಸುದ್ದಿ ಕೇಳಲು ಅಯ್ಯೋರು ಉಳಿದಿರಲಿಲ್ಲ.

ಯಜಮಾನ ಸ್ಲೇಟು ಒಯ್ಯುವ ಮುಂಚಿನ ಆ ಒಂದೆರಡು ದಿನಗಳಲ್ಲೇ ನಾನು ಒಂದು ಮಗುವಿಗೆ ಕೂಡುವ ಲೆಕ್ಕ ಬರೆದುಕೊಡಲು ಸ್ಲೇಟು ಸಾಲದೆ, ಬೀರುವಿನ ಹಿಂದಿನಿಂದ ಒಂದನ್ನು ತೆಗೆದು ಏನು ಬರೆದಿದೆಯೆಂದು ನೋಡದೆ ಒದ್ದೆ ಬಟ್ಟೆಯಿಂದ ಕೆಳಗಿನ ಅರ್ಧ ಒರೆಸಿದ್ದೆ. ಲೆಕ್ಕ ಮುಗಿದ ಮೇಲೆ ಅದನ್ನೂ ಒರೆಸಿ ಅಲ್ಲೇ ಇಟ್ಟಿದ್ದೆ. ಅದು ಆ ಸ್ಲೇಟೇ ಆಗಿತ್ತೋ, ಬೇರೆಯದೋ ನನಗೆ ಗೊತ್ತಿಲ್ಲ. ಅಯ್ಯೋರು ನಿಜಕ್ಕೂ ಬರೆಯಲು ಮರೆತಿದ್ದರೋ, ನನ್ನ ಕೈಯಲ್ಲಿ ಒದ್ದೆ ಬಟ್ಟೆ ನೋಡಿಯೂ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರೋ, ಅದೂ ಗೊತ್ತಿಲ್ಲ. ನಾನು ಕೇಳಲಿಲ್ಲ.